ರಾಕೆಟ್ ಬಿದ್ರ ನಮ್ಮ ಬೆಂಚಿನ ಮ್ಯಾಲೆ ಆರು ಕಾರಣ ರೆಡಿ

ಗಂಗಾವತಿಯಾಗ ನಂದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಐತಿ. ಸುಟ್ಟ ಮೋಟರ್ ಬಿಚ್ಚೋದು, ಹಳೇ ತಾಮ್ರ ಕಿತ್ತು ತೆಗಿಯೋದು, ಹೊಸ ಕಾಯಿಲ್ ಕಟ್ಟೋದು, ಇಷ್ಟ ನನ್ನ ವಿದ್ಯಾ. ಆದ್ರೂ ರಾಕೆಟ್ ಬಗ್ಗೆ ಬರಿಯಾಕ ಕುಂತೀನಿ, ಯಾಕಂದ್ರ ರಾಕೆಟ್ ಬಿದ್ದಾಗ ಜನ ಮಾತಾಡೋದಕ್ಕೂ ಬೋರಿನ ಮೋಟರ್ ಕೆಟ್ಟಾಗ ಹೊಲದಾಗ ನಿಂತು ಮಾತಾಡೋದಕ್ಕೂ ಎಳ್ಳಷ್ಟೂ ಫರಕ್ ಇಲ್ಲ.

2025ರ ಮೇ 18, ರವಿವಾರ. ಬೆಳಿಗ್ಗೆ 5:59ಕ್ಕ ಶ್ರೀಹರಿಕೋಟಾದಿಂದ ಇಸ್ರೋದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಹಾರ್ತು, ಇಒಎಸ್-09 ಅನ್ನೋ 1,696 ಕೆಜಿ ತೂಕದ ಉಪಗ್ರಹ ಹೊತ್ಕೊಂಡು. ನಾನು ಒಗ್ಗರಣಿ ಮಿರ್ಚಿ ತಿನ್ನಾಕ ಹೋಟೆಲಿಗೆ ಹೋಗೂದ್ರಾಗ ಆ ರಾಕೆಟ್ಟಿನ ಕತಿ ಮುಗಿದಿತ್ತು, ಬೆಂಚಿನ ಮ್ಯಾಲೆ ಕುಂತ ಆರು ಮಂದಿ ಆರು ಕಾರಣ ಕಂಡುಹಿಡಿದೂ ಆಗಿತ್ತು. ಒಬ್ಬ ಹ್ಯಾಕ್ ಮಾಡ್ಯಾರ ಅಂದ, ಇನ್ನೊಬ್ಬ ಕೆಳಗಿಂದ ಲೇಸರ್ ಬಿಟ್ಟು ಹೊಡದಾರ ಅಂದ, ಮೂರನೇದವ ಒಳಗಿನವ್ರ ಕೈವಾಡ ಇಲ್ದ ಆಗೂದಲ್ಲ ಬಿಡು ಅಂದ, ನಾಕನೇದವ ಪಾರ್ಟ್ಸ್ ಎಲ್ಲಾ ಗುತ್ತಿಗಿ ಕೊಟ್ಟಾರ ಇನ್ನೇನ್ ಆಗ್ತೈತಿ ಅಂದ, ಐದನೇದವ ಚೇರ್ಮನ್ ಬದಲಾದ ಮ್ಯಾಲೆ ಹಿಂಗ ಅಂದ. ಆರನೇದು ಮೂಲಿಯಾಗ ಕುಂತಿದ್ದ ಕಾಕಾಂದು, ರಾಹುಕಾಲದಾಗ ಬಿಟ್ಟಾರ ಅಂತ. ರವಿವಾರ ರಾಹುಕಾಲ ಸಂಜಿ ನಾಕೂವರೆಗೆ ಕಾಕಾ, ಇದು ಹಾರಿದ್ದು ನಸುಕಿನ್ಯಾಗ ಅಂದ್ರ, ಹಂಗಾರ ಯಾರೋ ಕಣ್ಣ ಹಾಕ್ಯಾರ ಅಂತ ಕಾರಣ ಬದಲಿ ಮಾಡಿದ್ರು, ಕಾರಣ ಕೊಡೋದು ಮಾತ್ರ ಬಿಡಲಿಲ್ಲ.

ಜನ ದಡ್ಡರು ಅಂತ ನಾನು ಹೇಳವಲ್ಲೆ. ಆವಾಗಿನ ಹೊತ್ತ ಹಂಗಿತ್ತು. ಮೇ 7ಕ್ಕ ಆಪರೇಷನ್ ಸಿಂಧೂರ ಶುರುವಾಗಿ, 10ಕ್ಕ ಕದನ ವಿರಾಮ ಆಗಿ, ಒಂದು ವಾರ ಕಳದಿತ್ತು ಅಷ್ಟ. ಇಒಎಸ್-09 ಅಂದ್ರ ರೇಡಾರ್ ಉಪಗ್ರಹ, ಮೋಡ ಇರ್ಲಿ ರಾತ್ರಿ ಇರ್ಲಿ ನೆಲದ ಮ್ಯಾಲಿಂದು ಕಾಣ್ತೈತಿ ಅದಕ್ಕ. ಅಂಥಾದ್ದು, ಅಂಥಾ ಹೊತ್ತಿನ್ಯಾಗ, ಅದೂ ನಂಬಿಕಸ್ತ ಅಂತ ಹೆಸರಾದ ಪಿಎಸ್‌ಎಲ್‌ವಿಯಾಗ ಹೋತು ಅಂದ್ರ ಯಾರಿಗಾದ್ರೂ ಸಂಶಯ ಬರೋದ. ಸಂಶಯ ಬರೋದು ತಪ್ಪಲ್ಲ, ಆದ್ರ ಸಂಶಯಕ್ಕ ಉತ್ತರ ಎಲ್ಲಿಂದ ಬರ್ತೈತಿ ಅನ್ನೋದು ಗೊತ್ತಿರಬೇಕು.

ಬೋರಿನ ಮೋಟರ್ ತಗೋರಿ. 400 ಅಡಿ ಕೆಳಗ ನೀರಿನಾಗ ಇರ್ತೈತಿ, ಯಾರ ಕಣ್ಣಿಗೂ ಕಾಣಂಗಿಲ್ಲ. ನೀರು ಬರೋದು ನಿಂತ್ರ ಹೊಲದಾಗ ನಿಂತವ್ರಿಗೆ ಮಾತಾಡೋದು ಪ್ಯಾನಲ್ ಬೋರ್ಡಿನ ಮೀಟರ್ ಒಂದ. ಆಂಪ್ಸ್ ಮುಳ್ಳು ಏಳಲೇ ಇಲ್ಲ ಅಂದ್ರ ಕೇಬಲ್ ಕಟ್ಟಾಗೈತಿ. ಮುಳ್ಳು ಸರ್ರ ಅಂತ ಪೂರಾ ಮ್ಯಾಲೆ ಹೋಗಿ ಸ್ಟಾರ್ಟರ್ ಟ್ರಿಪ್ ಆತಂದ್ರ ಪಂಪ್ ಜಾಮ್ ಆಗಿರ್ತೈತಿ ಇಲ್ಲಾ ಕಾಯಿಲ್ ಹೋಗಿರ್ತೈತಿ. ಮುಳ್ಳು ಕೆಳಗ ಆಡ್ತೈತಿ, ಮೋಟರ್ ತಿರುಗ್ತೈತಿ, ನೀರು ಮಾತ್ರ ಬರವಲ್ದು ಅಂದ್ರ ಬೋರಿನಾಗ ನೀರ ಇಲ್ಲ, ಇಲ್ಲಾ ಕಪ್ಲಿಂಗ್ ಮುರಿದು ಮೋಟರ್ ಬರೇ ತಿರುಗಾಕತ್ತೈತಿ. ಅಂದ್ರ ಏನಾತು ಅನ್ನೋದು ಎರಡು ನಿಮಿಷದಾಗ ಗೊತ್ತಾಗ್ತೈತಿ. ಯಾಕ ಆತು ಅನ್ನೋದು ಪೈಪ್ ಒಂದೊಂದ ಎಳದು, ಮೋಟರ್ ಮ್ಯಾಲೆ ತಂದು, ಅಂಗಡಿಗೆ ಒಯ್ದು ಬಿಚ್ಚಿದ ಮ್ಯಾಲೆ. ಒಂದು ಫೇಸಿನ ಕಾಯಿಲ್ ಹೊಸದರಂಗ ಐತಿ, ಉಳಿದ ಎರಡು ಸುಟ್ಟು ಕರ್ರಗಾಗ್ಯಾವ ಅಂದ್ರ ಸಿಂಗಲ್ ಫೇಸಿಂಗ್, ಮೂರು ಫೇಸಿನಾಗ ಒಂದರ ಕರೆಂಟ್ ಹೋಗಿ ಉಳಿದ ಎರಡರ ಮ್ಯಾಲೆ ಮೋಟರ್ ಓಡಿದ್ದು. ಮೂರೂ ಒಂದ ಸಮ ಕರ್ರಗ ಅಂದ್ರ ಓವರ್‌ಲೋಡ್. ಒಂದ ಜಾಗದಾಗ ಕರಗಿ ಗುಳಿ ಬಿದ್ದೈತಿ, ಸುತ್ತಾ ಎಲ್ಲಾ ಚಲೋ ಐತಿ ಅಂದ್ರ ಇನ್ಸುಲೇಷನ್ ಹೋಗಿ ಶಾರ್ಟ್ ಆಗೈತಿ. ಸುಟ್ಟ ತಾಮ್ರ ಸುಳ್ಳು ಹೇಳಂಗಿಲ್ಲ.

ರಾಕೆಟ್ಟಿನ ಕತಿನೂ ಇಷ್ಟ, ಆದ್ರ ಇದಕ್ಕಿಂತ ಭಾಳ ತ್ರಾಸಿಂದು, ಯಾಕಂದ್ರ ಅದನ್ನ ಮ್ಯಾಲೆ ಎಳದು ಬಿಚ್ಚಿ ನೋಡಾಕ ಆಗಂಗಿಲ್ಲ. ಸಮುದ್ರಕ್ಕ ಬಿದ್ದದ್ದು ಬಿತ್ತು. ಉಳಿಯೋದು ಪ್ಯಾನಲ್ ಬೋರ್ಡ್ ಒಂದ, ಅದಕ್ಕ ಅವ್ರು ಟೆಲಿಮೆಟ್ರಿ ಅಂತಾರ. ರಾಕೆಟ್ಟಿನ ಮೈ ತುಂಬಾ ಸೆನ್ಸರ್ ಇರ್ತಾವ, ಒಂದು ಪ್ರೆಷರ್ ನೋಡ್ತೈತಿ, ಒಂದು ಕಾವು ನೋಡ್ತೈತಿ, ಒಂದು ನಡುಕ ನೋಡ್ತೈತಿ, ಒಂದು ರಾಕೆಟ್ ಎಷ್ಟು ವಾಲೈತಿ ನೋಡ್ತೈತಿ, ಎಲ್ಲಾನೂ ಹಾರಾಡಿಕೋಂತ ರೇಡಿಯೊದಾಗ ಕೆಳಗ ಕಳಿಸ್ತಾವ. ಕೆಳಗ ಕುಂತವ್ರ ಸ್ಕ್ರೀನಿನ್ಯಾಗ ಹಿಂಗ ಹೋಗಬೇಕು ಅನ್ನೋ ಗೆರಿ ಒಂದು, ಹಿಂಗ ಹೊಂಟೈತಿ ಅನ್ನೋ ಗೆರಿ ಒಂದು. ಎರಡೂ ಬ್ಯಾರೆ ಆದ ಗಳಿಗಿಗೇ ಅವ್ರಿಗೆ ಗೊತ್ತಾಗಿರ್ತೈತಿ.

ಅದಕ್ಕ ಅವತ್ತ ಬೆಳಿಗ್ಗೆನ ಇಸ್ರೋ ಚೇರ್ಮನ್ ವಿ. ನಾರಾಯಣನ್ ಹೇಳಿಬಿಟ್ರು: ಎರಡನೇ ಹಂತದ ತನಕ ಎಲ್ಲಾ ಸರಿ ಇತ್ತು, ಮೂರನೇ ಹಂತದ ಮೋಟರ್ ಸರಿಯಾಗೇ ಹತ್ತಿಕೊಂತು, ಉರಿಯಾಕತ್ತಿದಾಗ ಮೋಟರ್ ಕೇಸಿನೊಳಗಿನ ಚೇಂಬರ್ ಪ್ರೆಷರ್ ಕಡಿಮಿ ಆತು ಅಂತ. ಇದು ‘ಏನಾತು’. ನಮ್ಮ ಬೆಂಚಿನವ್ರು ಇದನ್ನ ‘ಯಾಕ ಆತು’ ಅಂತ ತಿಳ್ಕೊಂಡ್ರು, ಪ್ರೆಷರ್ ಯಾಕ ಕಡಿಮಿ ಆತು ಅಂತ ಹೇಳಲಿಲ್ಲಲ್ಲ, ಏನೋ ಮುಚ್ಚಿಡಾಕತ್ತಾರ ಅಂತ ಶುರು ಹಚ್ಚಿಕೊಂಡ್ರು. ಮುಚ್ಚಿಡಾಕ ಅವ್ರ ಕೈಯಾಗೂ ಅವತ್ತ ಉತ್ತರ ಇರಂಗಿಲ್ಲ ರೀ. ಮುಳ್ಳು ಕೆಳಗ ಬಿತ್ತು ಅನ್ನೋದಷ್ಟ ಅವ್ರಿಗೂ ಗೊತ್ತು.

ಈ ಚೇಂಬರ್ ಪ್ರೆಷರ್ ಅಂದ್ರ ಏನು ಅಂತ ಸ್ವಲ್ಪ ನೋಡೂಣು, ಇದು ತಿಳಿದ್ರ ಹ್ಯಾಕು ಲೇಸರು ಎಲ್ಲಾ ತಾವ ಉದುರಿ ಹೋಗ್ತಾವ. ಪಿಎಸ್‌ಎಲ್‌ವಿಗೆ ನಾಕು ಹಂತ. ಒಂದು ಮತ್ತು ಮೂರು ಗಟ್ಟಿ ಇಂಧನದ್ದು, ಎರಡು ಮತ್ತು ನಾಕು ದ್ರವ ಇಂಧನದ್ದು. ಗಟ್ಟಿ ಇಂಧನ ಅಂದ್ರ ದೀಪಾವಳಿ ರಾಕೆಟ್ಟಿನ ಮದ್ದು ಇದ್ದಂಗ, ಆದ್ರ ಪುಡಿ ಅಲ್ಲ, ಟೈರಿನ ರಬ್ಬರಿನಂಗ ಇರ್ತೈತಿ, ಅದರಾಗ ಅಲ್ಯುಮಿನಿಯಂ ಪುಡಿ, ಉರಿಯಾಕ ಬೇಕಾದ ಆಕ್ಸಿಜನ್ ಕೊಡೋ ಉಪ್ಪು ಎಲ್ಲಾ ಕಲಸಿ ಹೊಯ್ದಿರ್ತಾರ. ಮೂರನೇ ಹಂತದಾಗ ಇಂಥಾದ್ದು ಏಳೂವರೆ ಟನ್ ಚಿಲ್ರಿ. ಹೊರಗಿನ ಕೇಸು ಉಕ್ಕಿಂದಲ್ಲ, ತೂಕ ಕಡಿಮಿ ಇರ್ಲಿ ಅಂತ ಕೆವ್ಲಾರ್ ಅನ್ನೋ ಗಟ್ಟಿ ನೂಲು ಸುತ್ತಿ ಮಾಡಿದ್ದು. ಕೆಳಗ ಒಂದು ಕಂಠ, ಅದು ನಾಜಲ್, ಗ್ಯಾಸ್ ಹೊರಗ ಹೋಗಾಕ ಇರೋದು ಅದೊಂದ ದಾರಿ.

ಒಳಗ ಉರಿತೈತಿ, ಗ್ಯಾಸ್ ಹುಟ್ಟತೈತಿ, ಕಂಠ ಸಣ್ಣದಿದ್ದದ್ದಕ್ಕ ಒಳಗ ಪ್ರೆಷರ್ ಏರ್ತೈತಿ, ಆ ಪ್ರೆಷರಿಗೆ ಗ್ಯಾಸ್ ಭರ್ರ ಅಂತ ಹೊರಗ ಹೋಗ್ತೈತಿ, ರಾಕೆಟ್ ಮುಂದ ಹೋಗ್ತೈತಿ. ಕುಕ್ಕರಿನ ಗ್ಯಾಸ್ಕೆಟ್ ಹಳೇದಾದ್ರ ಸೀಟಿ ಹೊಡಿಯಂಗಿಲ್ಲಲ್ಲ, ಹಂಗ ಇದರಾಗೂ ಎಲ್ಲರ ಸೀಳು ಬಿಟ್ರ, ಇಲ್ಲಾ ಕಂಠದ ಒಳಗಿನ ಲೈನಿಂಗ್ ಕಿತ್ತು ಕಂಠ ದೊಡ್ಡದಾದ್ರ, ಇಲ್ಲಾ ಕೇಸಿಗೂ ನಾಜಲಿಗೂ ಜಾಯಿಂಟ್ ಇರೋ ಕಡೆ ಗ್ಯಾಸ್ ನುಸುಳಿದ್ರ ಪ್ರೆಷರ್ ಬೀಳ್ತೈತಿ. ಕುಕ್ಕರಿಗೂ ಇದಕ್ಕೂ ಒಂದು ಫರಕ್ ಐತಿ, ಅದ ಅಪಾಯದ್ದು. ಕುಕ್ಕರಿನ ಕೆಳಗಿನ ಉರಿ ಬ್ಯಾರೆ, ಪ್ರೆಷರ್ ಬಿದ್ರೂ ಉರಿ ಹಂಗ ಇರ್ತೈತಿ. ಇಲ್ಲಿ ಮದ್ದು ಎಷ್ಟು ಜೋರಾಗಿ ಉರಿಬೇಕು ಅನ್ನೋದನ್ನ ಪ್ರೆಷರ್ ಹೇಳ್ತೈತಿ. ಪ್ರೆಷರ್ ಬಿದ್ರ ಉರಿ ಮೆತ್ತಗಾಗ್ತೈತಿ, ಉರಿ ಮೆತ್ತಗಾದ್ರ ಗ್ಯಾಸ್ ಕಡಿಮಿ, ಗ್ಯಾಸ್ ಕಡಿಮಿ ಆದ್ರ ಪ್ರೆಷರ್ ಇನ್ನಷ್ಟು ಬೀಳ್ತೈತಿ. ಆಕಡಿ ಕಕ್ಷೆಯಾಗ ನಿಲ್ಲಬೇಕಂದ್ರ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಸ್ಪೀಡ್ ಬೇಕು. ಮೂರನೇ ಹಂತ ತನ್ನ ಪಾಲಿನ ಸ್ಪೀಡ್ ಕೊಡದಿದ್ರ ನಾಕನೇ ಸಣ್ಣ ಹಂತ ಒದ್ದಾಡಿದ್ರೂ ತುಂಬಿಸಾಕ ಆಗಂಗಿಲ್ಲ. ಕವಣಿ ಕಲ್ಲಿನಂಗ ಸ್ವಲ್ಪ ದೂರ ಹೋಗಿ ಬೀಳೋದ.

ಈಗ ಹ್ಯಾಕಿಗೆ ಬರೂಣು. ಗಟ್ಟಿ ಇಂಧನದ ಮೋಟರಿಗೆ ಆಫ್ ಸ್ವಿಚ್ಚ ಇಲ್ಲ. ಇಸ್ರೋದವ್ರಿಗೇ ಇಲ್ಲ, ಹ್ಯಾಕ್ ಮಾಡೋವ್ನಿಗೆ ಎಲ್ಲಿಂದ ಬರ್ಬೇಕು? ಹಚ್ಚಿದ ಹೂಕುಂಡ ನಡುವ ಯಾರಾದ್ರೂ ಆರ್ಸ್ಯಾರೇನು. ಹಾರಿದ ಮ್ಯಾಲೆ ಯಾವ ಕಡೆ ತಿರುಗಬೇಕು, ಯಾವಾಗ ಹಂತ ಕಳಚಬೇಕು ಅನ್ನೋದನ್ನ ರಾಕೆಟ್ಟಿನಾಗಿನ ಕಂಪ್ಯೂಟರ್ ತಾನ ನೋಡ್ಕೊಂತೈತಿ, ನೆಲದಿಂದ ಯಾರೂ ಸ್ಟೀರಿಂಗ್ ಹಿಡಿದಿರಂಗಿಲ್ಲ. ನೆಲದವ್ರು ಕೈಯಾಗ ಇಟ್ಕೊಂಡಿರೋದು ಒಂದ ಆರ್ಡರ್, ದಾರಿ ಬಿಟ್ಟು ಜನ ಇರೋ ಕಡೆ ಹೊಂಟ್ರ ಅಲ್ಲೇ ಒಡದು ಹಾಕೋದು.

ಕಣ್ಣಿಗೆ ಕಂಡ ಸ್ಫೋಟದಿಂದನೂ ಇನ್ನೊಂದಿಷ್ಟು ಪುಕಾರು ಹುಟ್ಟತಾವ. 2010ರ ಡಿಸೆಂಬರ್ 25, ಇಸ್ರೋದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿ-ಎಫ್06 ಹಾರಿ ಒಂದು ನಿಮಿಷದ ಆಸುಪಾಸಿನ್ಯಾಗ ಟಿವಿಯಾಗ ಎಲ್ಲಾರ ಕಣ್ಣ ಮುಂದ ಸ್ಫೋಟ ಆತು. ನೋಡಿದವ್ರು ಬಾಂಬ್ ಇಟ್ಟಂಗ ಆತು ಅಂದ್ರು. ಖರೇನ ಆಗಿದ್ದೇನಂದ್ರ ಮ್ಯಾಲಿನ ಕಂಪ್ಯೂಟರಿನಿಂದ ಮೊದಲನೇ ಹಂತಕ್ಕ ಆರ್ಡರ್ ಒಯ್ಯೋ ವೈರಿನ ಕನೆಕ್ಟರ್ ಕಿತ್ತು ಬಂದಿದ್ವು, ರಾಕೆಟ್ ಕಂಟ್ರೋಲ್ ತಪ್ಪಿ ವಾಲಿ, ಭಾರ ತಾಳದ ತಾನ ಒಡೀತು, ನೆಲದವ್ರು ಒಡದು ಹಾಕೋ ಆರ್ಡರ್ ಕೊಟ್ಟದ್ದು ಅದರ ಆಮ್ಯಾಲೆ. ಸ್ಫೋಟ ಕಂಡದ್ದು ಖರೆ, ಆದ್ರ ಅದು ಕಾರಣ ಅಲ್ಲ, ಕನೆಕ್ಟರ್ ಕಿತ್ತದ್ದರ ಪರಿಣಾಮ.

ಇದು ತಿಳಿಯಾಕ ನಮ್ಮವ್ರಿಗೆ ದೂರ ಹೋಗೋದ ಬ್ಯಾಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಹರಿದು ಗೇಟ್ ಕೊಚ್ಚಿಕೊಂಡು ಹೋತು. ಒತ್ತಡ ಕಡಿಮಿ ಮಾಡಾಕ ಉಳಿದ ಗೇಟ್ ತೆಗದು ನೀರು ಬಿಟ್ರು. ನಮ್ಮ ಕಡೆ ಹೊಳಿ ದಂಡಿಯಾಗ ಇದ್ದವ್ರಿಗೆ ಕಂಡದ್ದೇನು? ಹೊಳಿ ಏರಾಕತ್ತೈತಿ. ಡ್ಯಾಮ ಒಡದೈತಿ ಅಂತ ಫೋನ್ ಮ್ಯಾಲೆ ಫೋನು, ನನ್ನ ಫೋನಿಗೆ ಯಾವುದೋ ದೇಶದ ಡ್ಯಾಮ್ ಒಡದ ವಿಡಿಯೊ ಬಂತು ಇದ ಟಿಬಿ ಡ್ಯಾಮ್ ಅಂತ, ನಾನೂ ಒಬ್ರಿಗೆ ಕಳಿಸಿದೆ ಮತ್ತ, ಸುಳ್ಳು ಯಾಕ ಹೇಳ್ಲಿ. ಹೊಳಿ ಏರಿದ್ದು ಖರೆ. ಆದ್ರ ಅಷ್ಟು ನೀರು ಬಂದದ್ದು ಡ್ಯಾಮ್ ಒಡದದ್ದಕ್ಕಲ್ಲ, ಡ್ಯಾಮ್ ಉಳಿಸಾಕ ಬಿಟ್ಟದ್ದಕ್ಕ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವ್ರು ಬಂದು ಹರಿಯೋ ನೀರಿನಾಗ ಸ್ಟಾಪ್‌ಲಾಗ್, ಅಂದ್ರ ಉಕ್ಕಿನ ತಡಿ ತುಂಡು, ಇಳಿಸಿ ಒಂದು ವಾರದಾಗ ಬಂದ್ ಮಾಡಿದ್ರು, ಪುಕಾರು ಅಷ್ಟಕ್ಕ ನಿಂತ್ವು. ಒಂದೊಂದ ಸ್ಟಾಪ್‌ಲಾಗ್ ಇಳಿಯೋದು ಕಣ್ಣಿಗೆ ಕಾಣ್ತಿತ್ತಲ್ಲ, ಕಾಣೋ ಕಡೆ ಪುಕಾರಿಗೆ ಜಾಗ ಕಡಿಮಿ.

ಮತ್ತ ‘ಯಾಕ’ ಅನ್ನೋದಕ್ಕ ಇಷ್ಟು ದಿನ ಯಾಕ ಹಿಡಿತೈತಿ? ಅವ್ರು ಮಾಡೋ ಕೆಲಸ ನಾವು ಮಾಡೋದ, ಸ್ವಲ್ಪ ಶಾಸ್ತ್ರಬದ್ಧ ಅಷ್ಟ. ಪ್ರೆಷರ್ ಬೀಳಾಕ ಏನೇನ್ ಕಾರಣ ಇರಬಹುದು ಎಲ್ಲಾ ಬರಿತಾರ, ಮರದ ಟೊಂಗಿ ಬಿಟ್ಟಂಗ ಒಂದೊಂದ ಕಾರಣಕ್ಕ ಇನ್ನೊಂದಿಷ್ಟು ಒಳಗಾರಣ. ಆಮ್ಯಾಲೆ ಟೆಲಿಮೆಟ್ರಿ ಇಟ್ಕೊಂಡು ಒಂದೊಂದ ಟೊಂಗಿ ಕಡಿತಾರ. ಕೇಸು ಸೀಳಿದ್ರ ಗ್ಯಾಸ್ ಒಂದ ಪಕ್ಕಕ್ಕ ಹೋಗಿ ರಾಕೆಟ್ ವಾಲಬೇಕಿತ್ತು, ವಾಲೈತೇನು? ಜಾಯಿಂಟ್ ಲೀಕ್ ಆಗಿದ್ರ ಅಲ್ಲಿ ಕಾವು ಏರಬೇಕಿತ್ತು, ಏರೈತೇನು? ಅದ ಬ್ಯಾಚಿನ ಮದ್ದು ಉಳಿದಿದ್ರ ಅದನ್ನ ಟೆಸ್ಟ್ ಮಾಡ್ತಾರ, ಫ್ಯಾಕ್ಟರಿಯ ಎಕ್ಸ್‌ರೇ ಫಿಲಂ ಮತ್ತ ತೆಗದು ನೋಡ್ತಾರ, ನೆಲದ ಮ್ಯಾಲೆ ಮೋಟರ್ ಉರಿಸಿ ಅಂಥದ್ದ ಗೆರಿ ಬರ್ತೈತೇನು ನೋಡ್ತಾರ. ಕೊನಿಗೆ ಉಳಿದ ಟೊಂಗಿನ ಕಾರಣ.

2021ರ ಆಗಸ್ಟ್ 12ರ ಜಿಎಸ್‌ಎಲ್‌ವಿ-ಎಫ್10 ಇದಕ್ಕ ಚಲೋ ಉದಾಹರಣಿ. ಅವತ್ತಿನ ಸುದ್ದಿ, ಕ್ರಯೋಜನಿಕ್ ಹಂತ, ಅಂದ್ರ ಭಾಳ ತಣ್ಣಗಿನ ದ್ರವ ಇಂಧನದ ಹಂತ, ಹತ್ತಲಿಲ್ಲ ಅಂತ. ಎಂಜಿನ್ನ ಕೆಟ್ಟೈತಿ ಅಂತ ಎಲ್ಲಾರೂ ಅಂದ್ರು. ತನಿಖಿಯಾಗ ಬಂದದ್ದು ಬ್ಯಾರೆ: ದ್ರವ ಹೈಡ್ರೋಜನ್ ಟ್ಯಾಂಕಿನಾಗ ಹೆಚ್ಚಾದ ಪ್ರೆಷರ್ ಹೊರಗ ಬಿಡೋ ವೆಂಟ್ ಆ್ಯಂಡ್ ರಿಲೀಫ್ ವಾಲ್ವ್ ಲೀಕ್ ಆಗಿ, ಟ್ಯಾಂಕಿನಾಗ ಬೇಕಾದಷ್ಟು ಪ್ರೆಷರ್ ಇರಲಿಲ್ಲ. ಎಂಜಿನ್ ಪಾಪ ಚಲೋನ ಇತ್ತು, ಅದಕ್ಕ ಇಂಧನ ಸರಿಯಾಗಿ ಮುಟ್ಟಲಿಲ್ಲ. ನಮ್ಮಲ್ಲಿ ಫುಟ್‌ವಾಲ್ವ್ ಲೀಕ್ ಇದ್ದು ಮೋಟರಿಗೆ ಬೈತಾರಲ್ಲ, ಥೇಟ್ ಹಂಗ.

ನನಗ ಭಾಳ ಸೇರಿದ್ದು ರಷ್ಯಾದ್ದು. 2013ರ ಜುಲೈ 2ಕ್ಕ ಪ್ರೋಟಾನ್ ರಾಕೆಟ್ ಎದ್ದು, ಅತ್ತಿತ್ತ ತೂರಾಡಿ, ತಲಿ ಕೆಳಗ ಮಾಡಿ ಬಿದ್ದು ಉರದು ಹೋತು. ಕಾರಣ ಏನಂದ್ರ, ಎಷ್ಟು ವಾಲಾಕತ್ತೈತಿ ಅಂತ ಹೇಳೋ ಸೆನ್ಸರ್ ತಲಿಕೆಳಗ ಕುಂದ್ರಿಸಿದ್ರು. ಉಲ್ಟಾ ಕೂಡಬಾರ್ದು ಅಂತ ಬಾಣದ ಗುರ್ತು ಇತ್ತು, ಒತ್ತಾಯ ಮಾಡಿ ಕುಂದ್ರಿಸ್ಯಾರ. 2020ರ ನವೆಂಬರಿನ್ಯಾಗ ಯುರೋಪಿನ ವೇಗಾ ರಾಕೆಟ್ ಬಿದ್ದದ್ದು ಕೇಬಲ್ ಅದಲು ಬದಲು ಆಗಿ. ಇದನ್ನ ಓದಿದಾಗ ನಮ್ಮ ಅಂಗಡಿ ಹುಡುಗನ್ನ ಕರದು ತೋರಿಸಿದೆ, ಅವ ಎರಡು ಫೇಸ್ ಅದಲು ಬದಲು ಕೊಟ್ಟು ಮೋಟರ್ ಉಲ್ಟಾ ತಿರುಗಿ ನೀರು ಬರವಲ್ದು ಅಂತ ರೈತರ ಕಡಿಂದ ಎಷ್ಟು ಸಲ ಬೈಸ್ಯಾನ. ನೋಡಣ್ಣ, ದೊಡ್ಡವ್ರೂ ಮಾಡ್ತಾರ ಅಂತ ನಕ್ಕ.

ಆದ್ರ ಕೈವಾಡ ಅನ್ನೋದು ಎಂದೂ ಇರಂಗೇ ಇಲ್ಲ ಅಂತನೂ ಅಲ್ಲ. ಅಮೆರಿಕದ ನಾಸಾಂದು ಎರಡು ಉಪಗ್ರಹ, 2009ರಾಗ ಒಂದು, 2011ರಾಗ ಒಂದು, ಟಾರಸ್ ಎಕ್ಸ್‌ಎಲ್ ರಾಕೆಟ್ಟಿನ ಮೂಗಿನ ಮುಚ್ಚಳ ಬಿಚ್ಚದ ಹಾಳಾದ್ವು. ಮುಚ್ಚಳ ಬಿಚ್ಚಲಿಲ್ಲ ಅನ್ನೋದು ಅವತ್ತ ಗೊತ್ತಾತು, ಆದ್ರ ಅಲ್ಯುಮಿನಿಯಂ ಪಟ್ಟಿ ಮಾಡಿದ ಕಂಪನಿ ವರ್ಷಗಟ್ಲೆ ಟೆಸ್ಟ್ ರಿಪೋರ್ಟ್ ತಿದ್ದಿ ಕಳಿಸಿತ್ತು ಅಂತ ನಾಸಾ ಬಾಯಿಬಿಟ್ಟು ಹೇಳಿದ್ದು 2019ರಾಗ. ಅಂದ್ರ ಮೋಸ ಇತ್ತು. ಆದ್ರ ಅದು ಸಿಕ್ಕಿದ್ದು ಕಾಗದ ಪತ್ರ ಕೆದಕಿದವ್ರ ಕೈಗೆ, ಅದೂ ಶತ್ರು ದೇಶದ ಲೇಸರಿನಾಗ ಅಲ್ಲ, ಸರ್ಟಿಫಿಕೇಟಿನಾಗ. ನಮ್ಮ ಬೆಂಚಿನ ನಾಕನೇದವ ಗುತ್ತಿಗಿ ಪಾರ್ಟ್ಸ್ ಬಗ್ಗೆ ಹೇಳಿದ್ದನ್ನ ನಾನು ಪೂರಾ ತಳ್ಳಿಹಾಕದ ಇರೋದು ಇದಕ್ಕ.

ಅದರ ತದ್ವಿರುದ್ಧದ್ದೂ ಐತಿ. 2016ರ ಸೆಪ್ಟೆಂಬರ್ 1ಕ್ಕ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ಲಾಂಚ್ ಪ್ಯಾಡಿನ ಮ್ಯಾಲೆ ನಿಂತಲ್ಲೇ ಸ್ಫೋಟ ಆತು. ವಿಡಿಯೊದಾಗ ಕರ್ರಗ ಏನೋ ಹಾರಿ ಹೋದಂಗ ಕಾಣ್ತು, ಯುಎಫ್‌ಒ ಅಂದ್ರು, ದೂರದಿಂದ ಬಂದೂಕಿಲೆ ಹೊಡದಾರ ಅಂದ್ರು. ಸ್ವತಃ ಆ ಕಂಪನಿಯವ್ರೇ ಎದುರಾಳಿ ಕಂಪನಿ ಬಿಲ್ಡಿಂಗಿನ ಮಾಳಿಗಿ ನೋಡಾಕ ಬಿಡ್ರಿ ಅಂತ ಕೇಳಿದ್ರು ಅಂದ್ರ ನೋಡ್ರಿ, ಸಂಶಯ ಯಾರನ್ನೂ ಬಿಡಂಗಿಲ್ಲ. ಕೊನಿಗೆ ಬಂದದ್ದು, ಆಕ್ಸಿಜನ್ ಟ್ಯಾಂಕಿನೊಳಗ ಇರೋ ಹೀಲಿಯಂ ಬಾಟ್ಲಿ ಒಡದದ್ದು. ಬಾಟ್ಲಿಯ ಪದರಿನ ನಡುವ ಆಕ್ಸಿಜನ್ ಸಿಕ್ಕೊಂಡು ಹತ್ತಿಕೊಂಡಿತ್ತು. ಅವ್ರು ಆ ಸಂಶಯನೂ ಒಂದು ಟೊಂಗಿ ಅಂತ ಬರದು, ಪರೀಕ್ಷಾ ಮಾಡಿ, ಕಡಿದ್ರು. ಸಂಶಯ ಇಟ್ಕೊಳ್ಳೋ ರೀತಿ ಅಂದ್ರ ಅದು.

ಇನ್ನ ನನ್ನ ಸಿಟ್ಟು ಹೇಳ್ತೀನಿ. ಎಫ್06, ಎಫ್10 ಬಿದ್ದಾಗ ತನಿಖಿಯಾಗ ಏನು ಬಂತು ಅಂತ ಇಸ್ರೋ ಜನರ ಮುಂದ ಇಟ್ಟಿತ್ತು. ಅಷ್ಟ್ಯಾಕ, 1979ರ ಆಗಸ್ಟ್ 10ಕ್ಕ ಮೊದಲನೇ ಎಸ್‌ಎಲ್‌ವಿ-3 ಸಮುದ್ರಕ್ಕ ಬಿದ್ದಾಗ ಆಗಿನ ಇಸ್ರೋ ಚೇರ್ಮನ್ ಸತೀಶ್ ಧವನ್ ಅವ್ರು ತಾವ ಪತ್ರಕರ್ತರ ಮುಂದ ಕುಂತು ಜವಾಬ್ದಾರಿ ಹೊತ್ಕೊಂಡ್ರು, ಮರುವರ್ಷ ಜುಲೈ 18ಕ್ಕ ಅದ ರಾಕೆಟ್ ಗೆದ್ದಿತು. ಸಿ61ರ ವಿಷಯದಾಗ ಸಮಿತಿ ಕುಂತು ನೋಡ್ತು, ಆದ್ರ ಮುಂದಿನ ಪಿಎಸ್‌ಎಲ್‌ವಿ ಹಾರೋ ಹೊತ್ತಿಗೂ ಆ ವರದಿ ಜನರ ಕೈಗೆ ಬಂದಿರಲಿಲ್ಲ. 2026ರ ಜನವರಿ 12, ಸೋಮವಾರ, ಪಿಎಸ್‌ಎಲ್‌ವಿ-ಸಿ62, ಅನ್ವೇಷಾ ಅನ್ನೋ ಇಒಎಸ್-ಎನ್1 ಉಪಗ್ರಹ ಮತ್ತ ಅದರ ಜೊತಿ ಸಣ್ಣ ಸಣ್ಣವು ಹದಿನೈದು. ಮತ್ತ ಮೂರನೇ ಹಂತ! ಈ ಸಲ ಮೂರನೇ ಹಂತದ ಕೊನಿ ಕೊನಿಗೆ ರಾಕೆಟ್ ತನ್ನ ಸುತ್ತ ತಾನ ಹೊರಳೋ ವೇಗದಾಗ ಏರುಪೇರಾಗಿ ದಾರಿ ಬಿಡ್ತು ಅಂದ್ರು. ಸ್ಪೇನಿನ ಕಂಪನಿಯೊಂದರ ಸಣ್ಣ ಕ್ಯಾಪ್ಸೂಲ್ ಮಾತ್ರ ಹೆಂಗೋ ಬಿಡಿಸಿಕೊಂಡು ಬೀಳ್ತಾ ಬೀಳ್ತಾ ಒಂದಿಷ್ಟು ಡೇಟಾ ಕಳಿಸ್ತು.

ಎಂಟು ತಿಂಗಳಾಗ ಎರಡು ಸಲ, ಅದ ಹಂತ. ಈಗ ಬೆಂಚಿನವ್ರಿಗೆ ನಾನು ಏನ್ ಹೇಳ್ಲಿ? ಎರಡೂ ಒಂದ ಕಾರಣಕ್ಕ ಆಗಿರಲೇಬೇಕಂತ ಇಲ್ಲ, ಒಂದರಾಗ ಪ್ರೆಷರ್ ಬಿತ್ತು ಅಂದ್ರು, ಒಂದರಾಗ ಹೊರಳಿಕಿ ಅಂದ್ರು, ಹೊರಳಿಕಿ ಕಂಟ್ರೋಲ್ ಮಾಡೋ ಸಣ್ಣ ಥ್ರಸ್ಟರ್ ಇರೋದು ನಾಕನೇ ಹಂತದಾಗ, ಆದ್ರ ಮೂರನೇ ಹಂತದಾಗ ಪಕ್ಕಕ್ಕ ಗ್ಯಾಸ್ ಸೋರಿದ್ರೂ ರಾಕೆಟ್ ಹೊರಳಬಹುದು. ಇಷ್ಟೆಲ್ಲಾ ಹೇಳಿದೆ. ಮೊದಲನೇದರ ರಿಪೋರ್ಟ್ ಎಲ್ಲೈತಿ ಅಂದ ಲೇಸರಿನವ. ಅದಕ್ಕ ನನ್ನ ಹಂತ್ಯಾಕ ಉತ್ತರ ಇರಲಿಲ್ಲ. ಅಂಗಡಿಗೆ ಬಂದ ಸುಟ್ಟ ಮೋಟರ್ ನಾನು ಗಿರಾಕಿಗೆ ತೋರಿಸದ ಬರೇ ಬಿಲ್ ಕೊಟ್ರ ಅವ ಸುಮ್ನ ಇರ್ತಾನೇನು, ಚಲೋ ಇದ್ದ ಮೋಟರಿಗೆ ರೊಕ್ಕ ಬಡದ ಅಂತ ಊರು ತುಂಬಾ ಹೇಳ್ಕೊಂಡು ಬರ್ತಾನ.

ಆ ಸೋಮವಾರ ನಾನು ಇದ್ದದ್ದು ಕಾರಟಗಿ ಕಡೆ ಒಬ್ಬ ಕಾಕಾನ ಹೊಲದಾಗ. ಆ ಸಲ ಡ್ಯಾಮಿನ ಗೇಟ್ ಬದಲಿ ಮಾಡೋ ಕೆಲಸಕ್ಕ ಎರಡನೇ ಬೆಳಿಗೆ ಕಾಲುವಿ ನೀರಿರಲಿಲ್ಲ, ಬೋರ್ ಇದ್ದವ್ರು ಅದನ್ನ ನಂಬಿದ್ರು, ನಮಗ ಕೈತುಂಬ ಕೆಲಸ ಇತ್ತು. ಕಾಕಾನ ಮೋಟರ್ ಹಿಂದಿನ ರಾತ್ರಿ ನಿಂತಿತ್ತು. ಬಾಜೂಕಿನ ಹೊಲದವ ಬೋರಿನಾಗ ಏನೋ ಹಾಕ್ಯಾನ ಅಂತ ಕಾಕಾ ನಸುಕಿನಿಂದ ಬೈಯಾಕತ್ತಿದ್ದ. ಪೈಪ್ ಎಳದು ಮೋಟರ್ ಮ್ಯಾಲೆ ತಂದ್ವಿ, ಅಂಗಡಿಗೆ ಒಯ್ದು ಬಿಚ್ಚಿ ಕಾಕಾಗ ಕರದು ತೋರಿಸಿದೆ. ಒಂದು ಫೇಸ್ ಹೊಸದರಂಗ ಇತ್ತು, ಎರಡು ಸುಟ್ಟಿದ್ವು. ಸಿಂಗಲ್ ಫೇಸಿಂಗ್ ಕಾಕಾ, ಯಾರೂ ಏನೂ ಹಾಕಿಲ್ಲ, ಟ್ರಾನ್ಸ್‌ಫಾರ್ಮರಿನಾಗ (ಟಿಸಿ) ಒಂದು ಫ್ಯೂಸ್ ಹೋಗಿರಬೇಕು ಅಂದೆ. ಹಂಗಾರ ಫ್ಯೂಸ್ ಯಾಕ ಹೋತು ಅಂದ. ಕೇಳೋ ಮಾತ ಅದು, ಹೋಗಿ ನೋಡಿದ್ವಿ. ಟಿಸಿ ಕೆಳಗ ಒಂದು ಅಳಿಲು ಮೈ ಸುಟ್ಟು ಸತ್ತು ಬಿದ್ದಿತ್ತು.

ಕಾಕಾ ಅದನ್ನ ಕಟಿಗಿಲೆ ಹೊರಳಿಸಿ ಹೊರಳಿಸಿ ನೋಡಿದ. ಆಮ್ಯಾಲೆ ಬಾಜೂಕಿನ ಹೊಲದ ಕಡೆ ಒಂದು ಸಲ ನೋಡಿ ನನ್ನ ಕೇಳಿದ, "ತಮ್ಮಾ, ಈ ಅಳಿಲು ತಾನ ಹತ್ತಿತೋ, ಯಾರರ ಹತ್ತಿಸಿದ್ರೋ?"